ರೆಪ್ಪೆ ಪೂರ್ತಿ ಮುಚ್ಚುತ್ತಿದೆಯೇ? ರೆಪ್ಪೆಬಡಿತಕ್ಕೂ ಕಣ್ಣಿನ ಮೇಲ್ಮೈಯ ಆರೋಗ್ಯಕ್ಕೂ ಇರುವ ನಂಟು

ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವವರಾಗಲಿ, ಬಸವನಗುಡಿಯ ಮನೆಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುವ ವಿದ್ಯಾರ್ಥಿಗಳಾಗಲಿ, ಸಂಜೆಯ ಹೊತ್ತಿಗೆ ಹೇಳಿಕೊಳ್ಳುವ ತೊಂದರೆ ಹೆಚ್ಚುಕಡಿಮೆ ಒಂದೇ: ಕಣ್ಣುರಿ, ಮರಳು ಬಿದ್ದಂಥ ಚುಚ್ಚುವಿಕೆ, ನಡುನಡುವೆ ಮಂಜಾಗಿ ಮತ್ತೆ ತಿಳಿಯಾಗುವ ಅಕ್ಷರಗಳು. ಇದಕ್ಕೆಲ್ಲ ಪರದೆಯ ಬೆಳಕೇ ಕಾರಣವೆಂದು ಭಾವಿಸಿ ನೀಲಿ ಬೆಳಕನ್ನು ತಡೆಯುವ ಕನ್ನಡಕ ಕೊಳ್ಳುವವರು ಬಹಳ ಮಂದಿ. ಆದರೆ ಅಂಥ ಕನ್ನಡಕಗಳ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆ, ಸಾಮಾನ್ಯ ಕನ್ನಡಕಕ್ಕೆ ಹೋಲಿಸಿದರೆ ಅವುಗಳಿಂದ ಕಣ್ಣಿನ ಆಯಾಸ ಅಲ್ಪಾವಧಿಯಲ್ಲಿ ಕಡಿಮೆಯಾಗುವ ಸಂಭವ ಕಾಣುವುದಿಲ್ಲ ಎಂಬ ನಿರ್ಣಯಕ್ಕೆ ಬಂದಿತು. ಪರದೆಯ ಮುಂದೆ ಕೂತಾಗ ನಿಜವಾಗಿಯೂ ಬದಲಾಗುವುದು ನಮ್ಮ ಗಮನಕ್ಕೇ ಬಾರದ ಇನ್ನೊಂದು ಸಂಗತಿ. ನಮ್ಮ ರೆಪ್ಪೆಗಳು ಕಡಿಮೆ ಸಲ ಬಡಿಯುತ್ತವೆ, ಬಡಿದಾಗಲೂ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಈ ಎರಡರಲ್ಲಿ ಮೊದಲನೆಯದರ ಬಗ್ಗೆ ಅಷ್ಟಿಷ್ಟು ಮಾತು ಕೇಳಿಬರುತ್ತದೆ. ಎರಡನೆಯದು ಅದಕ್ಕಿಂತ ಮುಖ್ಯವಾಗಿದ್ದರೂ ಅದರ ಬಗ್ಗೆ ಮಾತು ಕಡಿಮೆ.

ಸದಾ ಒದ್ದೆಯಾಗಿರಬೇಕಾದ ಭಾಗ

ಕಣ್ಣಿನ ಕಪ್ಪುಗುಡ್ಡೆಯ ಮುಂದೆ ಗಾಜಿನಷ್ಟು ಪಾರದರ್ಶಕವಾದ ಒಂದು ಪಟಲವಿದೆ. ಅದೇ ಕಾರ್ನಿಯಾ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಬೆಳಕು ಅಡ್ಡಿಯಿಲ್ಲದೆ ಒಳಗೆ ಹೋಗಬೇಕಾದ್ದರಿಂದ ಅದರಲ್ಲಿ ರಕ್ತನಾಳಗಳಿಲ್ಲ, ಹಾಗಾಗಿ ದೇಹದ ಇತರ ಭಾಗಗಳಂತೆ ಅದಕ್ಕೆ ರಕ್ತದಿಂದ ನೇರವಾಗಿ ಆಮ್ಲಜನಕ ಸಿಗುವುದಿಲ್ಲ. ನಾವು ಎಚ್ಚರವಾಗಿರುವಾಗ ಗಾಳಿಯಲ್ಲಿರುವ ಆಮ್ಲಜನಕವು ಕಣ್ಣೀರಿನಲ್ಲಿ ಕರಗಿ ಕಾರ್ನಿಯಾವನ್ನು ತಲುಪುತ್ತದೆ. ನಿದ್ದೆಯಲ್ಲಿ ರೆಪ್ಪೆಯ ಒಳಮೈಯಲ್ಲಿರುವ ರಕ್ತನಾಳಗಳಿಂದ ಬರುತ್ತದೆ.

ಕಣ್ಣೀರಿಗೆ ಇದಕ್ಕಿಂತಲೂ ಅನಿರೀಕ್ಷಿತವಾದ ಇನ್ನೊಂದು ಕೆಲಸವಿದೆ. ಕಣ್ಣಿನೊಳಕ್ಕೆ ಬರುವ ಬೆಳಕು ಬಾಗಿ ಒಂದೆಡೆ ಸೇರಲು ಬೇಕಾದ ಶಕ್ತಿಯ ಸುಮಾರು ಮೂರನೇ ಎರಡು ಪಾಲು ಕಣ್ಣಿನ ಒಳಗಿನ ಮಸೂರದಿಂದಲ್ಲ, ಈ ಮುಂಭಾಗದಿಂದಲೇ ಬರುತ್ತದೆ. ಬೆಳಕು ಗಾಳಿಯನ್ನು ಬಿಟ್ಟು ಮೊದಲು ಮುಟ್ಟುವುದು ಕಾರ್ನಿಯಾವನ್ನೂ ಅಲ್ಲ, ಅದರ ಮೇಲೆ ಹರಡಿರುವ ಕಣ್ಣೀರನ್ನು. ಆ ಪದರ ನಯವಾಗಿದ್ದರೆ ನೋಟ ಸ್ಪಷ್ಟ, ಅಲ್ಲಲ್ಲಿ ಹರಿದರೆ ಅಕ್ಷರ ಮಂಜು. ಓದುತ್ತ ಓದುತ್ತ ಮಸುಕಾದ ಸಾಲು, ಒಂದೆರಡು ಸಲ ರೆಪ್ಪೆ ಬಡಿದ ಕೂಡಲೇ ತಿಳಿಯಾದರೆ, ದೋಷವಿರುವುದು ಕನ್ನಡಕದ ನಂಬರಿನಲ್ಲಿ ಅಲ್ಲದೆ ಕಣ್ಣೀರಿನ ಪದರದಲ್ಲಿರುವ ಸಾಧ್ಯತೆಯೇ ಹೆಚ್ಚು.

ಕಣ್ಣೀರು ಬರಿಯ ನೀರಲ್ಲ

ಅಳುವಾಗ ಕೆನ್ನೆಯ ಮೇಲೆ ಇಳಿಯುವ ಕಣ್ಣೀರಿಗೂ ಸದಾ ಕಣ್ಣನ್ನು ಹೊದ್ದಿರುವ ಕಣ್ಣೀರಿಗೂ ವ್ಯತ್ಯಾಸವಿದೆ. ಎರಡನೆಯದರ ಒಟ್ಟು ಪ್ರಮಾಣ ಒಂದು ಕಣ್ಣಿನಲ್ಲಿ ಸುಮಾರು 7 ಮೈಕ್ರೋಲೀಟರ್, ಅಂದರೆ ಔಷಧದ ಬಾಟಲಿಯಿಂದ ಬೀಳುವ ಒಂದು ಹನಿಯ ನಾಲ್ಕನೇ ಒಂದು ಪಾಲಿಗಿಂತಲೂ ಕಡಿಮೆ. ಕಾರ್ನಿಯಾದ ಮೇಲೆ ಅದರ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲಿನಷ್ಟು.

ಇಷ್ಟು ತೆಳುವಾದ ಪದರದಲ್ಲಿಯೇ ಮೂರು ಬಗೆಯ ದ್ರವ್ಯಗಳಿವೆ. ಎಲ್ಲಕ್ಕಿಂತ ಒಳಗೆ, ಕಣ್ಣಿಗೆ ಅಂಟಿಕೊಂಡಂತೆ, ಮ್ಯೂಸಿನ್ ಎಂಬ ಲೋಳೆಯಂಥ ವಸ್ತುವಿದೆ. ಕಣ್ಣಿನ ಬಿಳಿಭಾಗವನ್ನು ಹೊದಿಸಿರುವ ಪೊರೆಯ ಜೀವಕೋಶಗಳು ಅದನ್ನು ತಯಾರಿಸುತ್ತವೆ, ನೀರು ಜಾರಿ ಹೋಗದೆ ಕಾರ್ನಿಯಾದ ಮೇಲೆ ಸಮನಾಗಿ ಹರಡಿ ನಿಲ್ಲುವುದು ಅದರಿಂದಲೇ. ಎ ಜೀವಸತ್ವದ ಕೊರತೆಯಿರುವ ಮಕ್ಕಳ ಕಣ್ಣು ಒಣಗುವುದಕ್ಕೆ ಈ ಜೀವಕೋಶಗಳು ನಶಿಸುವುದೂ ಒಂದು ಕಾರಣ. ನಡುವೆ ಇರುವುದು ನೀರಿನಂಶ; ಹುಬ್ಬಿನ ಕೆಳಗೆ ಹೊರಮೂಲೆಯಲ್ಲಿರುವ ಮುಖ್ಯ ಗ್ರಂಥಿ ಮತ್ತು ರೆಪ್ಪೆಯೊಳಗಿನ ಸಣ್ಣ ಗ್ರಂಥಿಗಳು ಇದನ್ನು ಒಸರಿಸುತ್ತವೆ. ಬ್ಯಾಕ್ಟೀರಿಯಾಗಳನ್ನು ಒಡೆಯುವ ಲೈಸೋಜೈಮ್ ಎಂಬ ಕಿಣ್ವ ಇರುವುದು ಇದರಲ್ಲಿಯೇ. ಮುಂದೆ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮೊದಲು, 1922ರಲ್ಲಿ, ಲೈಸೋಜೈಮ್ ಕುರಿತು ಬರೆದಿದ್ದರು. ಅದು ಕಣ್ಣೀರಿನಲ್ಲಿ ಹೇರಳವಾಗಿದೆ ಎಂಬುದನ್ನೂ ಅವರು ಗುರುತಿಸಿದ್ದರು.

ಎಲ್ಲಕ್ಕಿಂತ ಹೊರಗೆ ಇರುವುದು ಎಣ್ಣೆಯ ಪದರ. ಇದು ನೀರಿನ ಪದರಕ್ಕಿಂತಲೂ ಎಷ್ಟೋ ಪಟ್ಟು ತೆಳುವು, ಆದರೆ ರೆಪ್ಪೆಬಡಿತದ ವಿಷಯಕ್ಕೆ ಬಂದರೆ ಇದೇ ಮುಖ್ಯ. ಮೇಲೆ ತುಪ್ಪ ತೇಲುವ ಸಾರು ಬೇಗ ಆರುವುದಿಲ್ಲ, ಏಕೆಂದರೆ ತುಪ್ಪದ ತೆಳು ಪದರ ಆವಿ ಏಳುವುದನ್ನು ತಡೆಯುತ್ತದೆ. ಕಣ್ಣೀರಿನ ಮೇಲಿರುವ ಎಣ್ಣೆಯ ಕೆಲಸವೂ ಅಷ್ಟೇ, ಕೆಳಗಿನ ನೀರು ಗಾಳಿಗೆ ಆರಿಹೋಗದಂತೆ ನೋಡಿಕೊಳ್ಳುವುದು. ಈ ಎಣ್ಣೆ ಬರುವುದು ರೆಪ್ಪೆಗಳ ಒಳಗೆ ಸಾಲಾಗಿ ನಿಂತಿರುವ ಗ್ರಂಥಿಗಳಿಂದ. 1666ರಲ್ಲಿ ಇವುಗಳನ್ನು ವಿವರಿಸಿದ ಜರ್ಮನ್ ವೈದ್ಯ ಹೈನ್‌ರಿಕ್ ಮೈಬೋಮ್ ಅವರ ನೆನಪಿಗೆ ಇವುಗಳನ್ನು ಮೈಬೋಮಿಯನ್ ಗ್ರಂಥಿಗಳೆನ್ನುತ್ತಾರೆ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇರುತ್ತವೆ. ಕನ್ನಡಿಯ ಹತ್ತಿರ ಹೋಗಿ ಕೆಳರೆಪ್ಪೆಯನ್ನು ಸ್ವಲ್ಪ ಜಗ್ಗಿ ನೋಡಿದರೆ, ಕೂದಲಿನ ಸಾಲಿನ ಹಿಂದೆ, ಕಣ್ಣಿಗೆ ತಾಗುವ ಅಂಚಿನಲ್ಲಿ, ಸೂಜಿಮೊನೆಯಷ್ಟು ಸಣ್ಣ ಚುಕ್ಕಿಗಳ ಸಾಲು ಕಾಣಬಹುದು. ಅವೇ ಈ ಗ್ರಂಥಿಗಳ ಬಾಯಿಗಳು.

ಒಂದು ಬಡಿತದಲ್ಲಿ ನಡೆಯುವುದೆಲ್ಲ

ರೆಪ್ಪೆ ಮುಚ್ಚಿ ತೆರೆಯುವುದಕ್ಕೆ ಸೆಕೆಂಡಿನ ಹತ್ತನೇ ಒಂದು ಪಾಲಿನಿಂದ ಹತ್ತನೇ ನಾಲ್ಕು ಪಾಲಿನವರೆಗೆ ಸಮಯ ಹಿಡಿಯುತ್ತದೆ. ಮುಚ್ಚುವುದು ಬೇಗ, ತೆರೆಯುವುದು ತುಸು ನಿಧಾನ. ಕೆಲಸದ ಬಹುಪಾಲು ಮೇಲಿನ ರೆಪ್ಪೆಯದು. ಕೆಳಗಿನದು ಮೇಲೇಳದೆ ಮೂಗಿನ ಕಡೆಗೆ ಸ್ವಲ್ಪ ಸರಿಯುತ್ತದೆ, ಅಷ್ಟೇ. ಕಣ್ಣಿನ ಸುತ್ತ ಬಳಸಿರುವ ಸ್ನಾಯು ರೆಪ್ಪೆಯನ್ನು ಮುಚ್ಚುತ್ತದೆ, ಅದರ ನಂಟು ಮುಖದ ನರದೊಂದಿಗೆ. ರೆಪ್ಪೆಯನ್ನು ಎತ್ತುವ ಸ್ನಾಯುವೂ ಬೇರೆ, ಅದಕ್ಕೆ ಬರುವ ನರವೂ ಬೇರೆ.

ಮುಚ್ಚುವಾಗ ಎರಡೂ ರೆಪ್ಪೆಗಳ ಅಂಚು ಒಮ್ಮೆಗೇ ಕೂಡುವುದಿಲ್ಲ. ಕಿವಿಯ ಕಡೆಯ ಮೂಲೆಯಿಂದ ಶುರುವಾಗಿ ಮೂಗಿನ ಕಡೆಗೆ ಕೂಡುತ್ತ ಹೋಗುತ್ತವೆ. ಇದರಿಂದ ಹಳೆಯ ಕಣ್ಣೀರು, ಅದರಲ್ಲಿ ಸೇರಿದ ದೂಳು, ಕಾರ್ನಿಯಾದ ಮೇಲ್ಪದರದಿಂದ ಕಳಚಿದ ಜೀವಕೋಶಗಳು ಎಲ್ಲವೂ ಮೂಗಿನ ಕಡೆಯ ಮೂಲೆಗೆ ತಳ್ಳಲ್ಪಡುತ್ತವೆ. ಅಲ್ಲಿ ಮೇಲೆ ಒಂದು, ಕೆಳಗೆ ಒಂದು ಪುಟ್ಟ ರಂಧ್ರವಿದೆ. ರೆಪ್ಪೆಯ ಸ್ನಾಯು ಬಿಗಿಯುವ ಮತ್ತು ಸಡಿಲಗೊಳ್ಳುವ ಬಲದಿಂದಲೇ ಕಣ್ಣೀರು ಈ ರಂಧ್ರಗಳ ಮೂಲಕ ಸೆಳೆಯಲ್ಪಟ್ಟು, ಸಣ್ಣ ಕೊಳವೆಗಳಲ್ಲಿ ಹರಿದು ಮೂಗಿನೊಳಕ್ಕೆ ಇಳಿಯುತ್ತದೆ. ಅಳುವವರಿಗೆ ಮೂಗು ಸೋರುವುದು, ಕಣ್ಣಿಗೆ ಔಷಧ ಬಿಟ್ಟ ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿ ಗೊತ್ತಾಗುವುದು ಈ ದಾರಿಯಿಂದ.

ಎರಡೂ ಅಂಚುಗಳು ಒಂದನ್ನೊಂದು ಒತ್ತಿದ ಆ ಗಳಿಗೆಯಲ್ಲಿ ಮೈಬೋಮಿಯನ್ ಗ್ರಂಥಿಗಳ ಬಾಯಿಯಿಂದ ಸ್ವಲ್ಪ ಎಣ್ಣೆ ಹೊರಬರುತ್ತದೆ. ರೆಪ್ಪೆ ಮೇಲೇಳುತ್ತಿದ್ದಂತೆ ಮೊದಲು ನೀರಿನ ಪದರ ಹಾಸಿಕೊಳ್ಳುತ್ತದೆ, ಅದರ ಹಿಂದೆಯೇ ಎಣ್ಣೆ ಕೆಳಗಿನಿಂದ ಮೇಲಕ್ಕೆ ಹರಡುತ್ತ, ಒಂದೆರಡು ಸೆಕೆಂಡಿನಲ್ಲಿ ಇಡೀ ಮೇಲ್ಮೈಯನ್ನು ಮುಚ್ಚಿ ನಿಲ್ಲುತ್ತದೆ. ರೆಪ್ಪೆಗಳು ಒಂದಕ್ಕೊಂದು ತಾಗದಿದ್ದರೆ ಎಣ್ಣೆಯನ್ನು ಹಿಂಡುವ ಒತ್ತಡವೇ ಹುಟ್ಟುವುದಿಲ್ಲ. ಅರ್ಧ ಮುಚ್ಚಿದ ರೆಪ್ಪೆ ನೀರನ್ನು ಅಷ್ಟಿಷ್ಟು ಸವರಬಹುದು, ಹೊಸ ಎಣ್ಣೆಯನ್ನು ಮಾತ್ರ ತರಲಾರದು.

ಮೇಲಿನ ರೆಪ್ಪೆಯ ಇಡೀ ಒಳಮೈ ಕಣ್ಣನ್ನು ಉಜ್ಜುವುದಿಲ್ಲ ಎಂಬುದೂ ಗಮನಿಸಬೇಕಾದ ಮಾತು. ಅಂಚಿಗೆ ಹತ್ತಿದ ಕಿರಿದಾದ ಒಂದು ಪಟ್ಟಿ ಮಾತ್ರ ಕಾರ್ನಿಯಾಕ್ಕೆ ತಾಗುತ್ತ ಸರಿಯುತ್ತದೆ. ಅದಕ್ಕೆ ಲಿಡ್ ವೈಪರ್ ಎಂದೇ ಹೆಸರು. ಕಣ್ಣೀರಿನ ಪದರ ತೆಳುವಾದಾಗ ಈ ಪಟ್ಟಿಯೇ ತಿಕ್ಕಾಟಕ್ಕೆ ಸಿಕ್ಕಿ ಹಾನಿಗೊಳ್ಳುತ್ತದೆ ಎಂಬುದನ್ನು ಅಮೆರಿಕದ ಡೊನಾಲ್ಡ್ ಕೋರ್ಬ್ ಮತ್ತು ಅವರ ಸಹೋದ್ಯೋಗಿಗಳು 2002ರಲ್ಲಿ ವರದಿ ಮಾಡಿದರು. ಕಾರ್ನಿಯಾ ನೋಡಲು ಚೆನ್ನಾಗಿಯೇ ಇದ್ದರೂ ಕೆಲವರಿಗೆ ಕಣ್ಣಲ್ಲಿ ಕಸ ಇದ್ದಂತೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ಬಡಿಯಬೇಕೆಂದು ಹೇಳುವವರು ಯಾರು

ದೇಹದಲ್ಲಿ ಅತಿ ದಟ್ಟವಾಗಿ ನರತಂತುಗಳಿರುವ ಭಾಗಗಳಲ್ಲಿ ಕಾರ್ನಿಯಾ ಒಂದು. ಅವುಗಳಲ್ಲಿ ಕೆಲವು ತಂಪನ್ನು ಗುರುತಿಸುತ್ತವೆ. ಕಣ್ಣೀರು ಆವಿಯಾದಂತೆಲ್ಲ ಮೇಲ್ಮೈ ತಣ್ಣಗಾಗುತ್ತದೆ, ಆ ಸುದ್ದಿ ಮಿದುಳಿಗೆ ಹೋಗುತ್ತದೆ, ರೆಪ್ಪೆ ಬಡಿಯುತ್ತದೆ. ಇದಲ್ಲದೆ ಮಿದುಳಿನ ಒಳಗೇ ಒಂದು ಲಯವಿದೆ, ಅದರಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಪಾತ್ರವಿದೆ. ಡೋಪಮಿನ್ ಕಡಿಮೆಯಾಗುವ ಪಾರ್ಕಿನ್‌ಸನ್ ಕಾಯಿಲೆಯಲ್ಲಿ ರೋಗಿಗಳು ಎವೆಯಿಕ್ಕದೆ ನೋಡುತ್ತಿರುವಂತೆ ಕಾಣುವುದು ಇದರಿಂದಲೇ. ಹುಟ್ಟಿದ ಮಗು ನಿಮಿಷಕ್ಕೆ ಕೆಲವೇ ಸಲ ರೆಪ್ಪೆ ಬಡಿಯುತ್ತದೆ, ವಯಸ್ಸಾದಂತೆ ಈ ಸಂಖ್ಯೆ ಏರುತ್ತದೆ. ಮಗು ರೆಪ್ಪೆಯನ್ನು ವಿಪರೀತ ಬಡಿಯುತ್ತಿದೆ ಎಂದು ಗಾಬರಿಯಿಂದ ಬರುವ ತಂದೆತಾಯಿಗಳೂ ಉಂಟು. ಅಲ್ಲಿ ಕಾರಣ ಅಲರ್ಜಿಯೋ, ಕನ್ನಡಕದ ಅಗತ್ಯವೋ, ಅರಿವಿಲ್ಲದ ಅಭ್ಯಾಸವೋ ಆಗಿರುವುದೇ ಹೆಚ್ಚು.

ಪರದೆಯ ಮುಂದೆ ಏನಾಗುತ್ತದೆ

ಮನಸ್ಸಿಟ್ಟು ನೋಡುವಾಗ ಮಿದುಳು ರೆಪ್ಪೆಬಡಿತವನ್ನು ತಡೆಹಿಡಿಯುತ್ತದೆ. ಸೂಜಿಗೆ ದಾರ ಪೋಣಿಸುವಾಗಲೂ, ಕ್ರಿಕೆಟ್ ಪಂದ್ಯದ ಕೊನೆಯ ಓವರ್ ನೋಡುವಾಗಲೂ ಇದೇ ಆಗುತ್ತದೆ. 1993ರಲ್ಲಿ ಜಪಾನಿನ ಸಂಶೋಧಕರಾದ ಸುಬೋಟಾ ಮತ್ತು ನಕಮೋರಿ ಅಳೆದು ನೋಡಿದಾಗ, ನಿರಾಳವಾಗಿ ಕೂತಿದ್ದಾಗ ನಿಮಿಷಕ್ಕೆ ಸರಾಸರಿ 22 ಇದ್ದ ಬಡಿತ, ಪುಸ್ತಕ ಓದುವಾಗ 10ಕ್ಕೆ, ಕಂಪ್ಯೂಟರ್ ಪರದೆ ನೋಡುವಾಗ 7ಕ್ಕೆ ಇಳಿದಿತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಈ ಸಂಖ್ಯೆ ಬಹಳ ಬದಲಾಗುತ್ತದೆ, ಹಾಗಾಗಿ ನಿಮಿಷಕ್ಕೆ ಇಷ್ಟೇ ಇರಬೇಕೆಂದು ಯಾರೂ ಎಣಿಸುತ್ತ ಕೂರಬೇಕಾಗಿಲ್ಲ.

ಪುಸ್ತಕ ಓದುವಾಗಲೂ ಬಡಿತ ಅರ್ಧಕ್ಕಿಂತ ಕಡಿಮೆಯಾಯಿತು ಎಂಬುದು ಈ ಅಂಕಿಗಳಲ್ಲಿ ಸುಲಭವಾಗಿ ಕಣ್ತಪ್ಪಿ ಹೋಗುವ ಸಂಗತಿ. ಹಾಗಿದ್ದರೆ ಪರದೆಗೂ ಪುಸ್ತಕಕ್ಕೂ ವ್ಯತ್ಯಾಸವೇನು? ಒಂದು ವ್ಯತ್ಯಾಸ ನೋಟದ ಕೋನದ್ದು. ಪುಸ್ತಕವನ್ನು ತೊಡೆಯ ಮೇಲೋ ಮೇಜಿನ ಮೇಲೋ ಇಟ್ಟು ಕೆಳನೋಟದಿಂದ ಓದುತ್ತೇವೆ, ಆಗ ರೆಪ್ಪೆ ಅರ್ಧ ಇಳಿದಿದ್ದು ಕಣ್ಣಿನ ಕಡಿಮೆ ಭಾಗ ಗಾಳಿಗೆ ತೆರೆದಿರುತ್ತದೆ. ಮಾನಿಟರ್ ಎದುರಿಗೆ ಅಥವಾ ತುಸು ಮೇಲಕ್ಕೆ ಇದ್ದರೆ ಕಣ್ಣು ಅಗಲವಾಗಿ ತೆರೆದಿರುತ್ತದೆ, ಆವಿಯಾಗುವ ಜಾಗವೂ ಹೆಚ್ಚುತ್ತದೆ. ಇನ್ನೊಂದು ವ್ಯತ್ಯಾಸವನ್ನು 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಒಂದೇ ಪಠ್ಯವನ್ನು ಕಾಗದದ ಮೇಲೂ ಪರದೆಯ ಮೇಲೂ ಹೋಲುವ ರೀತಿಯಲ್ಲಿ ಇಟ್ಟು ಓದಿಸಿದಾಗ ಬಡಿತದ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆದರೆ ಪರದೆ ನೋಡುವಾಗ ಅರೆಬಡಿತಗಳ, ಅಂದರೆ ರೆಪ್ಪೆ ಪೂರ್ತಿ ಮುಚ್ಚದ ಬಡಿತಗಳ, ಪಾಲು ಹೆಚ್ಚಾಗಿತ್ತು.

ಅರೆಬಡಿತ ಹೇಗಿರುತ್ತದೆಂದು ತಿಳಿಯಬೇಕಾದರೆ ಮೊಬೈಲನ್ನು ಪರದೆಯ ಪಕ್ಕದಲ್ಲಿ ಒರಗಿಸಿಟ್ಟು, ಮುಖದ ವಿಡಿಯೊ ಆಗುವಂತೆ ಬಿಟ್ಟು, ಅದನ್ನು ಮರೆಯುವಷ್ಟು ಹೊತ್ತು ಕೆಲಸ ಮಾಡಿ, ಆಮೇಲೆ ನಿಧಾನಗತಿಯಲ್ಲಿ ಓಡಿಸಿ ನೋಡಬೇಕು. ಯಾರಾದರೂ ಎದುರಿಗೆ ಕೂತು ಗಮನಿಸುತ್ತಾರೆಂದು ಗೊತ್ತಾದರೆ ರೆಪ್ಪೆಗಳ ನಡವಳಿಕೆಯೇ ಬದಲಾಗುತ್ತದೆ, ಅದಕ್ಕಾಗಿ ಮರೆಯುವಷ್ಟು ಹೊತ್ತು. ಮೇಲಿನ ರೆಪ್ಪೆ ಇಳಿದು, ಕಪ್ಪುಗುಡ್ಡೆಯನ್ನು ಅರ್ಧವೋ ಮುಕ್ಕಾಲೋ ಮುಚ್ಚಿ, ಕೆಳರೆಪ್ಪೆಯನ್ನು ಮುಟ್ಟದೆ ಹಾಗೆಯೇ ಹಿಂದಕ್ಕೆ ಹೋಗುವುದು ಅದರಲ್ಲಿ ಕಾಣುತ್ತದೆ. ಕೆಳಗೆ ಮುಚ್ಚದೆ ಉಳಿದ ಕಾರ್ನಿಯಾದ ಪಟ್ಟಿ ಎರಡು ಮೂರು ಬಡಿತಗಳಾದರೂ ಹೊಸ ಕಣ್ಣೀರನ್ನು ಕಾಣುವುದಿಲ್ಲ. ರೆಪ್ಪೆ ಸರಿಯಾಗಿ ಮುಚ್ಚದವರಲ್ಲಿ ಕಾರ್ನಿಯಾದ ಕೆಳಭಾಗವೇ ಮೊದಲು ಒಣಗುವುದು ಆಶ್ಚರ್ಯವಲ್ಲ.

ಒಣಗಿದ ಕಣ್ಣಿನಲ್ಲಿ ನೀರೇಕೆ

‘ನನ್ನ ಕಣ್ಣಿನಲ್ಲಿ ಸದಾ ನೀರು ಬರುತ್ತದೆ, ಒಣಕಣ್ಣು ಎಂದರೆ ಹೇಗೆ ನಂಬಲಿ’ ಎಂದು ಕೇಳುವವರ ಸಂದೇಹ ಸಹಜವಾದದ್ದು. ಎಣ್ಣೆ ಸಾಲದೆ ಕಣ್ಣೀರು ಬೇಗ ಆವಿಯಾದಾಗ ಕಾರ್ನಿಯಾದ ನರಗಳು ಉದ್ರೇಕಗೊಂಡು ಮುಖ್ಯ ಗ್ರಂಥಿಗೆ ತುರ್ತು ಸಂದೇಶ ಹೋಗುತ್ತದೆ. ಅದು ಒಮ್ಮೆಗೇ ನೀರು ಸುರಿಸುತ್ತದೆ. ಈ ನೀರಿನಲ್ಲಿ ಎಣ್ಣೆಯೂ ಲೋಳೆಯೂ ತಕ್ಕ ಪ್ರಮಾಣದಲ್ಲಿ ಇಲ್ಲದ ಕಾರಣ ಅದು ನಿಲ್ಲದೆ ಕೆನ್ನೆಗೆ ಹರಿಯುತ್ತದೆ, ಕಣ್ಣು ಮತ್ತೆ ಒಣಗುತ್ತದೆ.

ಕಣ್ಣೀರು ಆರಿದಂತೆ ಉಳಿದದ್ದರಲ್ಲಿ ಉಪ್ಪಿನಂಶ ಸಾಂದ್ರವಾಗುತ್ತದೆ. ಈ ಹೆಚ್ಚಿದ ಲವಣಾಂಶ ಮೇಲ್ಮೈಯ ಜೀವಕೋಶಗಳನ್ನು ಕೆರಳಿಸಿ ಉರಿಯೂತ ಹುಟ್ಟಿಸುತ್ತದೆ. ಉರಿಯೂತ ಲೋಳೆ ತಯಾರಿಸುವ ಜೀವಕೋಶಗಳನ್ನು ಕುಗ್ಗಿಸುತ್ತದೆ. ಲೋಳೆ ಕಡಿಮೆಯಾದರೆ ಕಣ್ಣೀರಿನ ಪದರ ಇನ್ನೂ ಬೇಗ ಒಡೆಯುತ್ತದೆ. ಇತ್ತ ಪೂರ್ತಿ ಬಡಿತವಿಲ್ಲದೆ ಗ್ರಂಥಿಗಳಲ್ಲೇ ಉಳಿದ ಎಣ್ಣೆ ಚಳಿಗಾಲದ ತುಪ್ಪದ ಹಾಗೆ ಗಟ್ಟಿಯಾಗಿ ಬಾಯಿಯನ್ನು ಕಟ್ಟುತ್ತದೆ. ಬಹುಕಾಲ ಹೀಗೆಯೇ ಇದ್ದರೆ ಗ್ರಂಥಿಗಳು ಸೊರಗುತ್ತವೆ, ಹಾಗೆ ಪೂರ್ತಿ ಸೊರಗಿದ ಗ್ರಂಥಿ ಮರಳಿ ಮೊದಲಿನಂತಾಗುವುದು ಕಷ್ಟ. ಒಣಕಣ್ಣನ್ನು ಬರಿಯ ಕಿರಿಕಿರಿಯೆಂದು ತಳ್ಳಿಹಾಕದೆ ಕಣ್ಣಿನ ಮೇಲ್ಮೈಯ ಕಾಯಿಲೆಯೆಂದೇ ತಜ್ಞರು ಪರಿಗಣಿಸಲು ಈ ಸರಪಳಿಯೇ ಕಾರಣ.

ಬೆಂಗಳೂರಿನ ಪಾಲು

ಸಮುದ್ರದಿಂದ ದೂರವಾಗಿ, 900 ಮೀಟರಿಗಿಂತ ಎತ್ತರದಲ್ಲಿರುವ ಈ ಊರಿನಲ್ಲಿ ಫೆಬ್ರುವರಿಯಿಂದ ಮೊದಲ ಬೇಸಿಗೆ ಮಳೆ ಬೀಳುವವರೆಗೆ ಮಧ್ಯಾಹ್ನದ ಗಾಳಿ ಬಹಳ ಒಣಗಿರುತ್ತದೆ. ಮಂಗಳೂರಿನಿಂದ ಬಂದವರಿಗೆ ತುಟಿಯೊಡೆಯುವ ಕಾಲ ಇದು. ಅದೇ ಗಾಳಿ ಕಣ್ಣೀರನ್ನೂ ಆರಿಸುತ್ತದೆ. ಎಸಿ ಇರುವ ಕಚೇರಿಗಳಲ್ಲಿ ವರ್ಷವಿಡೀ ತೇವಾಂಶ ಕಡಿಮೆ. ಎಸಿಯ ಅಥವಾ ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಸುವ ಜಾಗದಲ್ಲಿ ಕೂತವರಿಗೆ ತೊಂದರೆ ಇನ್ನೂ ಹೆಚ್ಚು, ಟ್ಯಾಕ್ಸಿ ಚಾಲಕರ ಆಸನವೂ ಅಂಥದ್ದೇ ಜಾಗ. ಹೆಲ್ಮೆಟ್ಟಿನ ಗಾಜು ಎತ್ತಿಕೊಂಡು ಸಿಲ್ಕ್ ಬೋರ್ಡ್ ದಾಟುವ ದ್ವಿಚಕ್ರ ಸವಾರರ ಕಣ್ಣಿಗೆ ಗಾಳಿಯ ಜೊತೆಗೆ ದೂಳು, ಹೊಗೆಯೂ ಸೇರುತ್ತದೆ. ಗಾಜು ಇಳಿಸಿಕೊಳ್ಳುವುದು ಪೊಲೀಸರಿಗಾಗಿ ಅಲ್ಲದಿದ್ದರೂ ಕಾರ್ನಿಯಾಕ್ಕಾಗಿ ಮಾಡಬಹುದಾದ ಕೆಲಸ.

ವೈದ್ಯರು ನೋಡುವುದು ಏನನ್ನು

ಅತ್ಯಂತ ಸಾಮಾನ್ಯವಾದ ಪರೀಕ್ಷೆ ನೋಡಲೂ ಕುತೂಹಲಕರ. ಫ್ಲೋರೆಸಿನ್ ಎಂಬ ಕಿತ್ತಳೆ ಬಣ್ಣದ ದ್ರವ್ಯ ಸವರಿದ ಕಾಗದದ ಪಟ್ಟಿಯನ್ನು ತೇವಮಾಡಿ ಕೆಳರೆಪ್ಪೆಗೆ ಮುಟ್ಟಿಸುತ್ತಾರೆ. ಸ್ಲಿಟ್ ಲ್ಯಾಂಪ್ ಯಂತ್ರದ ನೀಲಿ ಬೆಳಕು ಬಿದ್ದಾಗ ಇಡೀ ಕಾರ್ನಿಯಾದ ಮೇಲೆ ಕಣ್ಣೀರು ಹೊಳೆಯುವ ಹಸಿರಾಗಿ ಕಾಣುತ್ತದೆ. ಒಮ್ಮೆ ರೆಪ್ಪೆ ಬಡಿದು ಹಾಗೆಯೇ ತೆರೆದಿಟ್ಟುಕೊಳ್ಳಲು ಹೇಳಿ ವೈದ್ಯರು ಸೆಕೆಂಡುಗಳನ್ನು ಎಣಿಸುತ್ತಾರೆ. ಹಸಿರಿನ ನಡುವೆ ಮೊದಲ ಕಪ್ಪು ಚುಕ್ಕಿ ಅಥವಾ ಗೀರು ಕಾಣಿಸಿಕೊಂಡಲ್ಲಿ ಪದರ ಹರಿಯಿತೆಂದು ಅರ್ಥ. ಅದು 10 ಸೆಕೆಂಡಿಗಿಂತ ಮೊದಲೇ ಕಂಡರೆ ಪದರ ಅಸ್ಥಿರವಾಗಿದೆಯೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಈ ಲೆಕ್ಕದಲ್ಲಿ ನೋಡಿದರೆ ನಿಮಿಷಕ್ಕೆ 7 ಬಡಿತದ ಅರ್ಥ ತಿಳಿಯುತ್ತದೆ: ಎರಡು ಬಡಿತಗಳ ನಡುವಿನ ಅಂತರ ಎಂಟು ಸೆಕೆಂಡಿಗಿಂತ ಹೆಚ್ಚು. ಪದರ ಆರನೆಯ ಸೆಕೆಂಡಿಗೇ ಹರಿಯುವವರಲ್ಲಿ ಮುಂದಿನ ಬಡಿತ ಬರುವವರೆಗೆ ಕಾರ್ನಿಯಾದ ಒಂದು ಭಾಗ ಬರಿದಾಗಿಯೇ ಇರುತ್ತದೆ. ಕಣ್ಣೀರಿನ ಪ್ರಮಾಣವನ್ನು ಅಳೆಯಲು ಶರ್ಮರ್ ಪರೀಕ್ಷೆಯಿದೆ, ಅದರಲ್ಲಿ ಕೆಳರೆಪ್ಪೆಗೆ ಸಿಕ್ಕಿಸಿದ ಸೋಸುಕಾಗದ 5 ನಿಮಿಷಗಳಲ್ಲಿ ಎಷ್ಟು ಮಿಲಿಮೀಟರ್ ಒದ್ದೆಯಾಯಿತೆಂದು ನೋಡುತ್ತಾರೆ.

ಮಾಡಬಹುದಾದದ್ದು

ಕೆಲಸದ ನಡುವೆ ‘ಹೆಚ್ಚು ಸಲ ರೆಪ್ಪೆ ಬಡಿಯಬೇಕು’ ಎಂದು ನೆನಪಿಟ್ಟುಕೊಳ್ಳುವುದು ಯಾರಿಂದಲೂ ಬಹಳ ಹೊತ್ತು ಸಾಗುವುದಿಲ್ಲ. ಅದಕ್ಕಿಂತ ಅರ್ಧ ಗಂಟೆಗೊಮ್ಮೆಯಾದರೂ ಹತ್ತಾರು ಸಲ ಪೂರ್ತಿ ಬಡಿತ ಮಾಡುವುದು ಸುಲಭ: ಕಣ್ಣನ್ನು ಮೆಲ್ಲನೆ ಮುಚ್ಚಿ, ಎರಡು ಸೆಕೆಂಡು ಹಾಗೆಯೇ ಇದ್ದು, ರೆಪ್ಪೆಗಳನ್ನು ಹಗುರವಾಗಿ ಒತ್ತಿ, ತೆರೆಯಬೇಕು. ಒತ್ತುವಾಗ ಹುಬ್ಬು ಗಂಟಿಕ್ಕುವ ಅಗತ್ಯವಿಲ್ಲ. 20 ನಿಮಿಷಕ್ಕೊಮ್ಮೆ 20 ಸೆಕೆಂಡು 20 ಅಡಿ ದೂರ ನೋಡಿ ಎಂಬ ಸೂತ್ರದಿಂದ ಹತ್ತಿರದ ನೋಟದ ಸ್ನಾಯುಗಳಿಗೆ ಬಿಡುವು ಸಿಗುತ್ತದೆ, ಆ ಬಿಡುವಿನಲ್ಲಿ ರೆಪ್ಪೆಬಡಿತವೂ ಸಹಜಕ್ಕೆ ಬರುತ್ತದೆ. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ.

ಎಣ್ಣೆ ಕಟ್ಟಿಕೊಂಡಿರುವವರಿಗೆ ಬಿಸಿ ಶಾಖ ಉಪಯೋಗಕ್ಕೆ ಬರುತ್ತದೆ. ತಾಳಬಲ್ಲಷ್ಟು ಬಿಸಿಯ ನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ರೆಪ್ಪೆಗಳ ಮೇಲೆ ಐದರಿಂದ ಹತ್ತು ನಿಮಿಷ ಇಡಬೇಕು. ಬಟ್ಟೆ ಒಂದೆರಡು ನಿಮಿಷಕ್ಕೇ ತಣ್ಣಗಾಗುವುದರಿಂದ ಮತ್ತೆ ಮತ್ತೆ ಅದ್ದುತ್ತಿರಬೇಕು. ಹೆಚ್ಚಿನವರು ಇಲ್ಲಿಯೇ ಬೇಸತ್ತು ಬಿಟ್ಟುಬಿಡುತ್ತಾರೆ. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ, ಅಂಚಿನ ಕಡೆಗೆ ಬೆರಳಿನಿಂದ ಹಗುರವಾಗಿ ನೀವಬೇಕು.

ಕೃತಕ ಕಣ್ಣೀರಿನ ಹನಿಗಳು ತಾತ್ಕಾಲಿಕ ನೆಮ್ಮದಿ ಕೊಡುತ್ತವೆ. ಒಂದು ಸಲಕ್ಕೆ ಒಂದೇ ಹನಿ ಸಾಕು, ಎರಡನೆಯದನ್ನು ಕಣ್ಣು ಹಿಡಿದಿಟ್ಟುಕೊಳ್ಳಲಾರದೆ ಹೊರಚೆಲ್ಲುತ್ತದೆ. ದಿನಕ್ಕೆ ಹಲವು ಸಲ ಹಾಕಬೇಕಾದವರು ಸಂರಕ್ಷಕವಿಲ್ಲದ ಬಗೆಯನ್ನು ವೈದ್ಯರಲ್ಲಿ ಕೇಳಬೇಕು, ಏಕೆಂದರೆ ಅನೇಕ ಬಾಟಲಿಗಳಲ್ಲಿ ಬಳಸುವ ಬೆನ್ಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ ಪದೇ ಪದೇ ಬಿದ್ದರೆ ಮೇಲ್ಮೈಯ ಜೀವಕೋಶಗಳನ್ನೇ ಹಾಳುಮಾಡುತ್ತದೆ. ಕೆಂಪು ಕಳೆಯುತ್ತದೆಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಹನಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೆಲವು ರಕ್ತನಾಳಗಳನ್ನು ಕುಗ್ಗಿಸುತ್ತವೆ ಅಷ್ಟೇ, ಬಿಟ್ಟ ಮೇಲೆ ಕೆಂಪು ಮರಳಿ ಬರುತ್ತದೆ. ಸ್ಟೀರಾಯ್ಡ್ ಇರುವಂಥವು ವೈದ್ಯರ ನಿಗಾ ಇಲ್ಲದೆ ಬಹಳ ಕಾಲ ಬಳಸಿದರೆ ಕಣ್ಣಿನ ಒತ್ತಡ ಏರಿಸಿ ದೃಷ್ಟಿನರ ಹಾಳಾಗುವ ಗ್ಲಾಕೋಮಾಕ್ಕೂ, ಕಣ್ಣಿನ ಪೊರೆಗೂ (ಕ್ಯಾಟರಾಕ್ಟ್) ದಾರಿ ಮಾಡುತ್ತವೆ.

ತಡ ಮಾಡಬಾರದ ಸಂದರ್ಭಗಳು

ನೋವು, ಬೆಳಕನ್ನು ನೋಡಲಾಗದಿರುವುದು, ದೃಷ್ಟಿ ಕುಗ್ಗುವುದು, ಕಾರ್ನಿಯಾದ ಮೇಲೆ ಬಿಳಿ ಚುಕ್ಕಿ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಲ್ಲಿ ಕಣ್ಣು ಕೆಂಪಾಗುವುದು, ಇವು ಒಣಕಣ್ಣಿನ ಲೆಕ್ಕಕ್ಕೆ ಸೇರಿಸಿ ಕಾಯುವ ಲಕ್ಷಣಗಳಲ್ಲ. ಕಣ್ಣಿನ ಜೊತೆಗೆ ಬಾಯಿಯೂ ಒಣಗುತ್ತ ಕೀಲುಗಳು ನೋಯುತ್ತಿದ್ದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಗ್ರಂಥಿಗಳಿಗೆ ಹಾನಿ ಮಾಡುವ ಶೋಗ್ರೆನ್ ಕಾಯಿಲೆಯ ಪರೀಕ್ಷೆ ಬೇಕಾಗಬಹುದು. ಮುಖದ ಒಂದು ಪಾರ್ಶ್ವ ಇದ್ದಕ್ಕಿದ್ದಂತೆ ಸೋತು, ಆ ಕಡೆಯ ರೆಪ್ಪೆ ಮುಚ್ಚದಿದ್ದರೆ ಮೊದಲು ಪಾರ್ಶ್ವವಾಯು ಅಲ್ಲವೆಂದು ಖಚಿತಪಡಿಸಿಕೊಳ್ಳಲು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅದು ಮುಖದ ನರವಷ್ಟೇ ಸೋಲುವ ಬೆಲ್ಸ್ ಪಾಲ್ಸಿ ಎಂದು ತಿಳಿದ ಮೇಲೂ ಕಣ್ಣಿನ ಆರೈಕೆಯನ್ನು ಅದೇ ದಿನ ಶುರುಮಾಡಬೇಕು, ಏಕೆಂದರೆ ತೆರೆದೇ ಇರುವ ಕಾರ್ನಿಯಾ ಬಹುಬೇಗ ಒಣಗಿ ಹುಣ್ಣಾಗಬಲ್ಲದು. ಹಗಲಿನಲ್ಲಿ ಆಗಾಗ ಹನಿ, ರಾತ್ರಿ ದಪ್ಪ ಮುಲಾಮು, ರೆಪ್ಪೆಯನ್ನು ಮುಚ್ಚಿಡಲು ಚರ್ಮಕ್ಕೆ ಅಂಟಿಸುವ ಟೇಪು ಇದರ ಸಾಮಾನ್ಯ ಕ್ರಮ. ಟೇಪನ್ನು ಹೇಗೆ ಹಚ್ಚಬೇಕೆಂದು ವೈದ್ಯರಿಂದಲೋ ನರ್ಸ್‌ರಿಂದಲೋ ಕಲಿತುಕೊಂಡೇ ಮನೆಗೆ ಬರಬೇಕು, ಏಕೆಂದರೆ ಸಡಿಲಾಗಿ ಅಂಟಿಸಿದ ಟೇಪಿನಡಿ ರೆಪ್ಪೆ ತೆರೆದುಕೊಂಡರೆ ಟೇಪೇ ಕಾರ್ನಿಯಾವನ್ನು ಉಜ್ಜುತ್ತದೆ.